ಸ್ಪಾರ್ಕ್ ಪ್ಲಗ್ ಬದಲು ಲೇಸರ್ ಹಾಕಿದರೆ ಮೈಲೇಜ್ ಹೆಚ್ಚುತ್ತದೆಯೇ?

ಪ್ರಶ್ನೆ: ಸರ್, ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, ಸುಮಾರು 90,000 ಕಿ.ಮೀ. ಓಡಿದೆ. ಕೆಲವು ತಿಂಗಳಿಂದ ಏರು ಹತ್ತುವಾಗ ಎಂಜಿನ್ ಜರ್ಕ್ ಹೊಡೆಯುತ್ತದೆ. ಚೆಕ್ ಎಂಜಿನ್ ದೀಪ ಒಮ್ಮೊಮ್ಮೆ ಮಿನುಗುತ್ತದೆ. ಮೆಕ್ಯಾನಿಕ್ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತದಿರುವುದು) ಎಂದು ಎರಡು ಸಲ ಸ್ಪಾರ್ಕ್ ಪ್ಲಗ್ ಬದಲಿಸಿದರು, ಸರಿಹೋಗಲಿಲ್ಲ. ಈಗ ಬಾಕ್ಸ್ ಮೇಲೆ 'ಲೇಸರ್' ಎಂದು ಬರೆದಿರುವ ದುಬಾರಿ ಪ್ಲಗ್ ಹಾಕಿಸಿ ಅನ್ನುತ್ತಿದ್ದಾರೆ. ಲೇಸರ್‌ನಿಂದ ಇಂಧನ ಹೊತ್ತಿಸಿದರೆ ಮೈಲೇಜ್ ಶೇ 30ರಷ್ಟು ಏರುತ್ತದೆ ಎಂದು ಒಂದು ವಿಡಿಯೊದಲ್ಲೂ ಕೇಳಿದೆ. ಇದು ನಿಜವೇ? ಪೆಟ್ರೋಲ್ ಹತ್ತಿರ ಲೇಸರ್ ಇದ್ದರೆ ಟ್ಯಾಂಕ್ ಸಿಡಿಯುವುದಿಲ್ಲವೇ? ಅಷ್ಟು ಒಳ್ಳೆಯದಾಗಿದ್ದರೆ ಕಂಪನಿಗಳು ಯಾಕೆ ಹಾಕುತ್ತಿಲ್ಲ, ಬೇಕಂತಲೇ ತಡೆಹಿಡಿದಿದ್ದಾರಾ? ಇನ್ನೊಂದು ವಿಷಯ. ನನ್ನ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಮರ ಕೆತ್ತುವ ಯಂತ್ರದ 5 ವಾಟ್ ನೀಲಿ ಲೇಸರ್ ತಂದು, ಗಾಜಿನ ಡಬ್ಬಿಯಲ್ಲಿ ಪೆಟ್ರೋಲ್ ಆವಿ ಹೊತ್ತಿಸುವ ಪ್ರಾಜೆಕ್ಟ್ ಮಾಡುತ್ತೇನೆ ಅನ್ನುತ್ತಿದ್ದಾಳೆ. ಬಿಡಬಹುದೇ?

ಉತ್ತರ: ಮಗಳ ಪ್ರಾಜೆಕ್ಟ್ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ದಯವಿಟ್ಟು ಈ ರೂಪದಲ್ಲಿ ಮಾಡಲು ಬಿಡಬೇಡಿ. ಯಾಕೆ ಅಂತ ಮುಂದೆ ವಿವರಿಸುತ್ತೇನೆ, ಅವಳಿಗೆ ಬೇರೆ ದಾರಿಯನ್ನೂ ಹೇಳುತ್ತೇನೆ. ಅವಳ ಕುತೂಹಲ ಸರಿಯಾದ ಕಡೆಗೇ ಇದೆ. ಆರಿಸಿಕೊಂಡ ಸಾಮಾನು ಮಾತ್ರ ತಪ್ಪು.

ಈಗ ಬಾಕ್ಸ್ ಮೇಲಿನ ಹೆಸರು. ಎನ್‌ಜಿಕೆ ಕಂಪನಿ 'ಲೇಸರ್ ಇರಿಡಿಯಂ', 'ಲೇಸರ್ ಪ್ಲಾಟಿನಂ' ಎಂಬ ಪ್ಲಗ್‌ಗಳನ್ನು ಮಾರುತ್ತದೆ. ಅವು ಮಾಮೂಲಿ ವಿದ್ಯುತ್ ಕಿಡಿಯ ಪ್ಲಗ್‌ಗಳೇ. ತುದಿಯಲ್ಲಿರುವ ಚಿಕ್ಕ ಇರಿಡಿಯಂ ಅಥವಾ ಪ್ಲಾಟಿನಂ ತುಂಡನ್ನು ಕಾರ್ಖಾನೆಯಲ್ಲಿ ಲೇಸರ್‌ನಿಂದ ಬೆಸುಗೆ ಹಾಕಿರುತ್ತಾರೆ. ಲೇಸರ್‌ನ ಕೆಲಸ ಅಲ್ಲಿಗೆ ಮುಗಿಯಿತು. ಒಳ್ಳೆಯ ಪ್ಲಗ್‌ಗಳೇ, ಬಾಳಿಕೆ ಜಾಸ್ತಿ. ಆದರೆ ನೀವು ವಿಡಿಯೊದಲ್ಲಿ ಕೇಳಿದ ತಂತ್ರಕ್ಕೂ ಇವಕ್ಕೂ ಸಂಬಂಧವಿಲ್ಲ. ನಿಜವಾದ ಲೇಸರ್ ಪ್ಲಗ್ ಇವತ್ತು ಯಾವ ಅಂಗಡಿಯಲ್ಲೂ ಕಾರಿಗೆಂದು ಸಿಗುವುದಿಲ್ಲ.

ಹಾಗಾದರೆ ಲೇಸರ್‌ನಿಂದ ಎಂಜಿನ್ ಓಡಿಸುವುದು ಸುಳ್ಳೇ? ಅಲ್ಲ, ಅಪ್ಪಟ ನಿಜ. 1978ರಲ್ಲೇ ಡೇಲ್, ಸ್ಮೈ ಮತ್ತು ಕ್ಲೆಮೆಂಟ್ಸ್ ಎಂಬ ಮೂವರು ಒಂದು ಸಿಲಿಂಡರಿನ ಎಂಜಿನ್ನಿಗೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಜೋಡಿಸಿ ಓಡಿಸಿ ತೋರಿಸಿದರು. ಆಗಿನ ಲೇಸರ್ ಎಂಜಿನ್ನಿನ ಪಕ್ಕದಲ್ಲಿ ಜಾಗ ಹಿಡಿದು ಕೂರುವ ದೊಡ್ಡ ಉಪಕರಣ. 2011ರ ಹೊತ್ತಿಗೆ ಜಪಾನಿನ ತಾಕುನೋರಿ ತೈರಾ ಮತ್ತು ಜೊತೆಗಾರರು ಪಿಂಗಾಣಿ ರೂಪದ ಲೇಸರ್ ವಸ್ತುವನ್ನು 9 ಮಿ.ಮೀ. ದಪ್ಪ, 11 ಮಿ.ಮೀ. ಉದ್ದಕ್ಕೆ ಇಳಿಸಿದರು. ಅಂದರೆ ಸ್ಪಾರ್ಕ್ ಪ್ಲಗ್ ಕೂರುವ ತೂತಿನಲ್ಲೇ ಕೂರಿಸಬಹುದಾದ ಲೇಸರ್. ಆಮೇಲೆ ಜಪಾನಿನಲ್ಲೂ ರುಮೇನಿಯಾದಲ್ಲೂ ಪೆಟ್ರೋಲ್ ಕಾರಿನ ಎಂಜಿನ್‌ಗಳನ್ನು ಸ್ಪಾರ್ಕ್ ಪ್ಲಗ್ ಇಲ್ಲದೆ ಲೇಸರ್‌ನಿಂದಲೇ ಓಡಿಸಿದ್ದಾರೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಲೇಸರ್ ಅಂದಕೂಡಲೇ ತುಂಬಾ ಜನ ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟಂತೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಾಗದ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣ ಈ ಲೇಸರ್ ಬೆಳಕಿಗೆ ಹೆಚ್ಚುಕಮ್ಮಿ ಗಾಜಿನಂತೆ ಪಾರದರ್ಶಕ. ಬೆಳಕು ಸುಮ್ನೆ ತೂರಿ ಹೋಗುತ್ತದೆ, ಏನೂ ಬಿಸಿಯಾಗುವುದಿಲ್ಲ. ಹೊತ್ತಬೇಕಾದರೆ ಬೆಳಕು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನೇ ಕಿತ್ತುಹಾಕುವಷ್ಟು ತೀವ್ರವಾಗಿರಬೇಕು. ಕೂದಲೆಳೆಗಿಂತ ಸಣ್ಣ ಬಿಂದುವಿಗೆ ಲೆನ್ಸ್‌ನಿಂದ ಹಿಡಿದಾಗ, ಆ ಬಿಂದುವಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 10,000 ಕೋಟಿ ವಾಟ್ ಮಟ್ಟದ ತೀವ್ರತೆ ಬೇಕಾಗುತ್ತದೆ. ಮೊದಲು ಒಂದೆರಡು ಎಲೆಕ್ಟ್ರಾನ್ ಕಿತ್ತುಬರುತ್ತವೆ. ಅವು ಬೆಳಕಿನಿಂದ ಶಕ್ತಿ ಪಡೆದು ಪಕ್ಕದ ಅಣುಗಳಿಗೆ ಗುದ್ದುತ್ತವೆ. ಅಲ್ಲಿಂದ ಇನ್ನಷ್ಟು ಎಲೆಕ್ಟ್ರಾನ್ ಹೊರಬರುತ್ತವೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲು ಅಲ್ಲೊಂದು ಪುಟ್ಟ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್‌ಗಳು ಬೇರ್ಪಟ್ಟ ಅತಿ ಬಿಸಿಯ ಅನಿಲ, ಹುಟ್ಟಿಬಿಡುತ್ತದೆ. 'ಚಟ್' ಎಂದು ಶಬ್ದ ಬರುತ್ತದೆ. ನಡುಗಾಳಿಯಲ್ಲಿ, ಯಾವ ಲೋಹವೂ ಮುಟ್ಟದೆ, ಒಂದು ಬಿಳಿ ಕಿಡಿ. ಈ ಕೆಲಸದಲ್ಲಿ ಎಷ್ಟು ವರ್ಷ ಕಳೆದರೂ ನನಗೆ ಅದನ್ನು ನೋಡುವುದೆಂದರೆ ಖುಷಿಯೇ.

ಅಷ್ಟು ದೊಡ್ಡ ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಈ ಲೇಸರ್ ಬೆಳಕನ್ನು ಸತತವಾಗಿ ಬಿಡುವುದಿಲ್ಲ, ಕ್ಷಣಮಾತ್ರದ ಮಿಡಿತಗಳಾಗಿ (ಪಲ್ಸ್) ಬಿಡುತ್ತದೆ. ಒಂದು ಮಿಡಿತದಲ್ಲಿರುವ ಶಕ್ತಿ 10 ಮಿಲಿಜೂಲ್ ಅಂದುಕೊಳ್ಳಿ. ನಿಮ್ಮ ಕಾರಿನ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ) ಒಂದು ಕಿಡಿಗೆ 50 ಮಿಲಿಜೂಲ್ ಆಸುಪಾಸು ಕೊಡುತ್ತದೆ. ಅಂದರೆ ಶಕ್ತಿಯ ಲೆಕ್ಕದಲ್ಲಿ ಲೇಸರ್ ಕಡಿಮೆಯೇ. ವ್ಯತ್ಯಾಸ ಇರುವುದು ಸಮಯದಲ್ಲಿ. ಕಾಯಿಲ್ ತನ್ನ ಶಕ್ತಿಯನ್ನು ಒಂದೆರಡು ಮಿಲಿಸೆಕೆಂಡ್ ಉದ್ದಕ್ಕೆ ಹರಿಸುತ್ತದೆ, ಲೆಕ್ಕ ಹಾಕಿದರೆ 25ರಿಂದ 50 ವಾಟ್. ಲೇಸರ್ ತನ್ನ 10 ಮಿಲಿಜೂಲನ್ನು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಸುರಿಯುತ್ತದೆ. ಆ ಕ್ಷಣಕ್ಕೆ ಅದು ಒಂದು ಕೋಟಿ ವಾಟ್.

ಇಲ್ಲೇ ಟ್ಯಾಂಕ್ ಸಿಡಿಯುವ ಭಯಕ್ಕೂ ಉತ್ತರವಿದೆ. ಲೆನ್ಸ್ ಹಿಡಿದ ಬಿಂದುವಿನಲ್ಲಿ ಮಾತ್ರ ಆ ತೀವ್ರತೆ ಇರುತ್ತದೆ. ಅಲ್ಲಿಂದ ಕೆಲವು ಮಿಲಿಮೀಟರ್ ದಾಟಿದರೆ ಕಿರಣ ಹರಡಿಕೊಂಡು ಕಿಡಿ ಹುಟ್ಟಿಸುವ ಕಸುವನ್ನು ಕಳೆದುಕೊಳ್ಳುತ್ತದೆ. ಅದೂ ಅಲ್ಲದೆ ಇಡೀ ಕಿರಣ ಇರುವುದು ಸಿಲಿಂಡರಿನ ಒಳಗೆ, ಲೋಹದ ಗೋಡೆಗಳ ನಡುವೆ. ಟ್ಯಾಂಕಿಗೂ ಅದಕ್ಕೂ ಯಾವ ದಾರಿಯೂ ಇಲ್ಲ. ನಿಮ್ಮ ಈಗಿನ ಪ್ಲಗ್ ಕೂಡ ಅದೇ ಪೆಟ್ರೋಲ್ ಆವಿಯೊಳಗೆ ಹತ್ತಾರು ಸಾವಿರ ವೋಲ್ಟಿನ ಕಿಡಿ ಹಾರಿಸುತ್ತಿದೆ ಅಲ್ವಾ? ಓಡಿಸುವವರಿಗೆ ಅಪಾಯವಿಲ್ಲ. ಅಪಾಯವಿರುವುದು ಪ್ಲಗ್ ಬಿಚ್ಚಿ ರಿಪೇರಿ ಮಾಡುವವರ ಕಣ್ಣಿಗೆ. ಈ ಲೇಸರ್‌ಗಳ ಬೆಳಕಿನ ತರಂಗದ ಉದ್ದ 1064 ನ್ಯಾನೊಮೀಟರ್, ಆ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ಆದರೆ ಕಣ್ಣಿನ ಲೆನ್ಸ್ ಅದನ್ನು ನೇರವಾಗಿ ರೆಟಿನಾದ ಮೇಲೆ ಹಿಡಿಯುತ್ತದೆ. ಒಂದೇ ಮಿಡಿತಕ್ಕೆ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು.

ಈಗ ಮೈಲೇಜ್. ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ತಪ್ಪು ತಿಳಿವಳಿಕೆ, ಲೇಸರ್ ಬರುವುದಕ್ಕೂ ಮೊದಲಿಂದ ಇದೆ. 'ಕಿಡಿ ಬಲವಾದರೆ ಪೆಟ್ರೋಲ್ ಪೂರ್ತಿ ಉರಿಯುತ್ತದೆ, ಮೈಲೇಜ್ ಬರುತ್ತದೆ' ಎಂದು ಹೇಳಿ ಎಷ್ಟೋ ಬಗೆಯ ಪ್ಲಗ್, ವೈರ್, ಡಬ್ಬಿಗಳನ್ನು ಮಾರಿದ್ದಾರೆ. ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಈಗಾಗಲೇ ಹೆಚ್ಚುಕಮ್ಮಿ ಪೂರ್ತಿ ಉರಿಯುತ್ತಿದೆ. ಉರಿಯದೆ ಉಳಿಯುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಹಾಗಾದರೆ ಶಕ್ತಿ ಎಲ್ಲಿಗೆ ಹೋಗುತ್ತದೆ? ಸೈಲೆನ್ಸರಿನಿಂದ ಬಿಸಿಯಾಗಿ ಹೋಗುತ್ತದೆ, ರೇಡಿಯೇಟರಿನಿಂದ ಬಿಸಿಯಾಗಿ ಹೋಗುತ್ತದೆ, ತಿಕ್ಕಾಟದಲ್ಲಿ ಹೋಗುತ್ತದೆ. ಮೂರನೇ ಒಂದು ಪಾಲು ಚಕ್ರಕ್ಕೆ ಸಿಕ್ಕರೆ ಪುಣ್ಯ. ಒಮ್ಮೆ ಜ್ವಾಲೆ ಸರಿಯಾಗಿ ಹೊತ್ತಿಕೊಂಡಿತು ಎಂದಾದ ಮೇಲೆ, ಅದನ್ನು ಹೊತ್ತಿಸಿದ್ದು ವಿದ್ಯುತ್ತೋ ಬೆಳಕೋ ಎಂಬುದು ಪೆಟ್ರೋಲಿಗೆ ಗೊತ್ತಾಗುವುದಿಲ್ಲ. ನಿಮ್ಮ ಕಾರಿಗೆ ಇವತ್ತೇ ಯಾರಾದರೂ ಲೇಸರ್ ಕೂರಿಸಿ, ಬೇರೇನನ್ನೂ ಬದಲಿಸದಿದ್ದರೆ, ಬಂಕಿನ ಬಿಲ್ಲಿನಲ್ಲಿ ನೀವು ಗುರುತಿಸುವಂಥ ವ್ಯತ್ಯಾಸ ಬರುವುದಿಲ್ಲ. ಶೇ 30 ಎಂಬುದನ್ನು ಮರೆತುಬಿಡಿ.

ಹಾಗಿದ್ದರೆ ವಿಜ್ಞಾನಿಗಳು ಇದರ ಹಿಂದೆ ಯಾಕೆ ಬಿದ್ದಿದ್ದಾರೆ? ಲೇಸರ್‌ನ ಬೆಲೆ ಗೊತ್ತಾಗುವುದು ಸ್ಪಾರ್ಕ್ ಪ್ಲಗ್ ಸೋಲುವ ಜಾಗದಲ್ಲಿ. ಸ್ಪಾರ್ಕ್ ಪ್ಲಗ್ ಎರಡು ಕಡೆ ಸೋಲುತ್ತದೆ.

ಮೊದಲನೆಯದು ಒತ್ತಡ. ಸಿಲಿಂಡರಿನಲ್ಲಿ ಗಾಳಿಯನ್ನು ಹೆಚ್ಚು ಒತ್ತಿದಷ್ಟೂ ಪ್ಲಗ್‌ನ ಆ ಒಂದು ಮಿಲಿಮೀಟರ್ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಟರ್ಬೊ ಹಾಕಿದ ಎಂಜಿನ್‌ಗಳಲ್ಲಿ ಇದು ದೊಡ್ಡ ತಲೆನೋವು. ವೋಲ್ಟೇಜ್ ಏರಿಸಿದರೆ ಎಲೆಕ್ಟ್ರೋಡ್ ಬೇಗ ಸವೆಯುತ್ತದೆ, ಪಿಂಗಾಣಿ ಸೀಳುತ್ತದೆ. ಗ್ಯಾಪ್ ಕಡಿಮೆ ಮಾಡಿದರೆ ಕಿಡಿ ಕುಗ್ಗುತ್ತದೆ. ಲೇಸರ್‌ಗೆ ಇದು ಪೂರ್ತಿ ಉಲ್ಟಾ. ಒತ್ತಡ ಜಾಸ್ತಿಯಾದಷ್ಟೂ ಬಿಂದುವಿನಲ್ಲಿ ಅಣುಗಳು ಒತ್ತಾಗಿರುತ್ತವೆ, ಪ್ಲಾಸ್ಮಾ ಹುಟ್ಟುವುದು ಇನ್ನೂ ಸುಲಭ. ಪ್ಲಗ್‌ಗೆ ಕಷ್ಟವಾಗುವ ಕಡೆಯೇ ಲೇಸರ್‌ಗೆ ಅನುಕೂಲ. ಈ ಒಂದು ಗುಣಕ್ಕಾಗಿಯೇ ನನ್ನಂಥವರು ಇದನ್ನು ಇಷ್ಟು ವರ್ಷ ಬಿಡದೆ ಹಿಡಿದುಕೊಂಡಿರುವುದು.

ಎರಡನೆಯದು ತೆಳು ಮಿಶ್ರಣ, ನಾವು ಲೀನ್ ಎಂದು ಕರೆಯುವುದು. ನಿಮ್ಮ ಕಾರಿನಲ್ಲಿ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಸೇರುತ್ತದೆ. ಇದು ಲೆಕ್ಕಕ್ಕೆ ಸರಿಯಾದ ಪ್ರಮಾಣ. ಅದೇ ಪೆಟ್ರೋಲಿಗೆ ಒಂದೂವರೆ ಪಟ್ಟು ಗಾಳಿ ಸೇರಿಸಿ ಉರಿಸಲು ಸಾಧ್ಯವಾದರೆ ಎಂಜಿನ್‌ನ ದಕ್ಷತೆ ನಿಜವಾಗಿಯೂ ಏರುತ್ತದೆ. ಜ್ವಾಲೆ ಅಷ್ಟು ಬಿಸಿಯಾಗುವುದಿಲ್ಲ, ಗೋಡೆಗೆ ಬಿಸಿ ಸೋರುವುದು ಕಡಿಮೆ. ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಅರ್ಧ ಮುಚ್ಚಿ ಗಾಳಿಯನ್ನು ಎಳೆಯುವ ಕಷ್ಟ ಕಡಿಮೆ. ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಹುಟ್ಟುವುದೂ ತುಂಬಾ ಕಡಿಮೆ. ಆದರೆ ತೆಳು ಮಿಶ್ರಣ ಹೊತ್ತಿಕೊಳ್ಳಲು ಹಟ ಮಾಡುತ್ತದೆ. ಹುಟ್ಟಿದ ಪುಟ್ಟ ಜ್ವಾಲೆ ಪ್ಲಗ್‌ನ ತಣ್ಣನೆಯ ಲೋಹಕ್ಕೆ ತಾಗಿದರೆ ಬಿಸಿ ಕಳೆದುಕೊಂಡು ಆರಿಹೋಗುತ್ತದೆ. ಲೇಸರ್ ಕಿಡಿಯ ಹತ್ತಿರ ಲೋಹವೇ ಇಲ್ಲ. ಕಿಡಿಯನ್ನು ಗೋಡೆಯಿಂದ ದೂರ, ಕೋಣೆಯ ನಡುಮಧ್ಯದಲ್ಲೇ ಇಡಬಹುದು. ಜಪಾನಿನ ಆ ಪುಟ್ಟ ಲೇಸರ್‌ನಲ್ಲಿ ಎರಡು ಮೂರು ಕಿರಣಗಳನ್ನು ಬೇರೆ ಬೇರೆ ಬಿಂದುಗಳಿಗೆ ಹಿಡಿದರು. ಹಾಗೆ ಒಟ್ಟಿಗೆ ಎರಡು ಮೂರು ಕಡೆ ಹೊತ್ತಿಸಿದರೆ ಜ್ವಾಲೆ ಹೋಗಬೇಕಾದ ದೂರ ಕಡಿಮೆಯಾಗುತ್ತದೆ, ಬೇಗ ಉರಿದು ಮುಗಿಯುತ್ತದೆ. ಇನ್ನೊಂದು ಚೆಂದದ ಸಂಗತಿ ಹೇಳಲೇಬೇಕು. ವೇಗದ ಕ್ಯಾಮೆರಾದಲ್ಲಿ ನೋಡಿದರೆ ಲೇಸರ್‌ನಿಂದ ಹುಟ್ಟಿದ ಜ್ವಾಲೆ ಉಂಡೆಯಾಗಿರುವುದಿಲ್ಲ. ಅದರಿಂದ ಒಂದು ನಾಲಗೆ, ಬೆಳಕು ಬಂದ ದಿಕ್ಕಿಗೇ ವಾಪಸ್ ಚಾಚುತ್ತದೆ.

ಲೇಸರ್‌ನ ಕೊರತೆಯನ್ನೂ ಹೇಳದಿದ್ದರೆ ನಾನೂ ಆ ವಿಡಿಯೊದವರ ಸಾಲಿಗೆ ಸೇರುತ್ತೇನೆ. ಸರಿಯಾದ ಪ್ರಮಾಣದ ಮಿಶ್ರಣವನ್ನು ಪ್ರಯೋಗಾಲಯದಲ್ಲಿ ಹೊತ್ತಿಸಲು ವಿದ್ಯುತ್ ಕಿಡಿಗೆ ಒಂದು ಮಿಲಿಜೂಲಿಗಿಂತ ಕಡಿಮೆ ಸಾಕಾಗಬಹುದು. ಲೇಸರ್‌ಗೆ ಹಲವು ಮಿಲಿಜೂಲ್ ಬೇಕು. ಯಾಕೆಂದರೆ ಕೊಟ್ಟ ಶಕ್ತಿಯಲ್ಲಿ ಒಂದು ಪಾಲು 'ಚಟ್' ಎಂಬ ಆಘಾತದ ಅಲೆಯಾಗಿ ಹೊರಟುಹೋಗುತ್ತದೆ, ಇನ್ನೊಂದು ಪಾಲು ಬೆಳಕಾಗಿಯೇ ಆಚೆ ದಾಟಿಬಿಡುತ್ತದೆ. ಅಷ್ಟಲ್ಲದೆ ಕಾರಿನ ಬ್ಯಾಟರಿಯ ವಿದ್ಯುತ್ತನ್ನು ಆ ಬೆಳಕಿನ ಮಿಡಿತವಾಗಿ ಮಾರ್ಪಡಿಸುವಾಗ ಹೆಚ್ಚಿನ ಪಾಲು ದಾರಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ.

ಕಂಪನಿಗಳು ಬೇಕಂತಲೇ ತಡೆಹಿಡಿದಿದ್ದಾರಾ ಎಂದು ಕೇಳಿದ್ದೀರಿ. ಈ ಅನುಮಾನ ನನಗೆ ಅರ್ಥವಾಗುತ್ತದೆ, ಆದರೆ ಇಲ್ಲಿ ಅದಕ್ಕೆ ಆಧಾರವಿಲ್ಲ. ದೊಡ್ಡ ವಾಹನ ಕಂಪನಿಗಳೂ ಬಿಡಿಭಾಗ ಮಾಡುವವರೂ ಇದರ ಮೇಲೆ ಸ್ವಂತ ದುಡ್ಡು ಹಾಕಿದ್ದಾರೆ, ಫಲಿತಾಂಶಗಳನ್ನು ಎಲ್ಲರೂ ಓದುವಂತೆ ಪ್ರಕಟಿಸಿದ್ದಾರೆ. ತಡೆದದ್ದು ಎಂಜಿನ್ ಕೋಣೆಯ ವಾಸ್ತವ.

ಕೋಟಿ ವಾಟಿನ ಮಿಡಿತವನ್ನು ತೆಳು ಗಾಜಿನ ಎಳೆಯಲ್ಲಿ (ಆಪ್ಟಿಕಲ್ ಫೈಬರ್) ಕಳಿಸಲು ಹೋದರೆ ಎಳೆಯೇ ಸುಟ್ಟುಹೋಗುತ್ತದೆ. ಹಾಗಾಗಿ ಒಂದು ಜಾಣ ದಾರಿ ಹುಡುಕಿದರು. ದೂರದಲ್ಲಿ, ತಂಪಾದ ಕಡೆ ಡಯೋಡ್ ಲೇಸರ್ ಇಡುವುದು. ಅದರ ಸೌಮ್ಯವಾದ ಬೆಳಕನ್ನು ಎಳೆಯ ಮೂಲಕ ಪ್ಲಗ್‌ಗೆ ಕಳಿಸುವುದು. ಪ್ಲಗ್ ಒಳಗಿರುವ ಯಾಗ್ ಎಂಬ ಲೇಸರ್ ವಸ್ತು ಆ ಶಕ್ತಿಯನ್ನು ಕೂಡಿಟ್ಟುಕೊಂಡು, ತುಂಬಿದ ಕೂಡಲೇ ಒಂದೇ ಏಟಿಗೆ ಬಿಟ್ಟುಬಿಡುತ್ತದೆ. ಚಂದದ ಉಪಾಯ. ಆದರೆ ಯಾಗ್ ಹೀರುವುದು 808 ನ್ಯಾನೊಮೀಟರ್ ಸುತ್ತಮುತ್ತಲಿನ ಬಹಳ ಕಿರಿದಾದ ಪಟ್ಟಿಯ ಬೆಳಕನ್ನು. ಡಯೋಡ್ ಬಿಸಿಯಾದಂತೆಲ್ಲ ಅದರ ಬೆಳಕು ಪ್ರತಿ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್ ಸರಿಯುತ್ತಾ ಹೋಗುತ್ತದೆ. ಹತ್ತು ಡಿಗ್ರಿ ಏರಿದರೆ ಸಾಕು, ತಾಳ ತಪ್ಪುತ್ತದೆ. ಕಾರಿನ ಬಾನೆಟ್ ಕೆಳಗೆ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಲೂ, ಟ್ರಾಫಿಕ್ಕಿನಲ್ಲಿ ನಿಂತಾಗಲೂ ಅದನ್ನು ಒಂದೇ ಶಾಖದಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ.

ಆಮೇಲೆ ಕಿಟಕಿ. ಬೆಳಕು ಸಿಲಿಂಡರಿಗೆ ಹೋಗಲು ನೀಲಮಣಿಯಂಥ ಗಟ್ಟಿ ಹರಳಿನ ಒಂದು ಪುಟ್ಟ ಕಿಟಕಿ ಬೇಕು. ಅದರ ಮೇಲೆ ಮಸಿ ಕೂರುತ್ತದೆ. ಮಸಿ ದೊಡ್ಡ ತೊಂದರೆಯಲ್ಲ, ಲೇಸರ್ ಮಿಡಿತವೇ ಅದನ್ನು ಸಿಡಿಸಿ ಸ್ವಚ್ಛ ಮಾಡಿಕೊಳ್ಳುತ್ತದೆ. ಇದು ಪ್ರಯೋಗಗಳಲ್ಲಿ ಚೆನ್ನಾಗಿಯೇ ಕಂಡಿದೆ. ಕಾಟ ಕೊಡುವುದು ಎಂಜಿನ್ ಆಯಿಲ್‌ನಿಂದ ಬರುವ ಬೂದಿ. ಆಯಿಲ್‌ಗೆ ಸೇರಿಸುವ ಕ್ಯಾಲ್ಸಿಯಂ, ಸತುವು, ರಂಜಕದ ಅಂಶಗಳು ಉರಿದು ಗಟ್ಟಿ ಪದರವಾಗಿ ಅಂಟುತ್ತವೆ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈಗ ಬಾಳಿಕೆಯ ಲೆಕ್ಕ ಹಾಕಿ. ಸರಾಸರಿ 2,000 ಆರ್‌ಪಿಎಂ ಅಂದರೆ ಒಂದು ಸಿಲಿಂಡರಿಗೆ ನಿಮಿಷಕ್ಕೆ 1,000 ಕಿಡಿ. ಕಾರು ತನ್ನ ಆಯಸ್ಸಿನಲ್ಲಿ 4,000 ಗಂಟೆ ಓಡಿದರೆ 24 ಕೋಟಿ ಕಿಡಿ. ಅಷ್ಟು ಸಲವೂ ಅದೇ ಕಿಟಕಿಯ ಮೂಲಕ, ಅದೇ ಬಿಂದುವಿಗೆ ಬೆಳಕು ಬೀಳಬೇಕು. ತೀವ್ರತೆ ಮಿತಿಗಿಂತ ಸ್ವಲ್ಪ ಕೆಳಗೆ ಬಂದರೂ ಕಿಡಿ ಸಣ್ಣದಾಗುವುದಿಲ್ಲ, ಹುಟ್ಟುವುದೇ ಇಲ್ಲ. ಸ್ಪಾರ್ಕ್ ಪ್ಲಗ್ ಹಾಳಾಗುವ ಮುಂಚೆ ಕೆಮ್ಮುತ್ತದೆ, ಕುಂಟುತ್ತದೆ. ಲೇಸರ್ ಒಮ್ಮೆಲೇ ನಿಂತುಬಿಡುತ್ತದೆ.

ಇವೆಲ್ಲ ಎಂಜಿನಿಯರಿಂಗ್ ಸಮಸ್ಯೆಗಳು, ಹಟ ಹಿಡಿದರೆ ಬಗೆಹರಿಯಬಲ್ಲವು. ನನ್ನ ಅಭಿಪ್ರಾಯದಲ್ಲಿ ನಿಜವಾದ ತಡೆ ಇರುವುದು ಸೈಲೆನ್ಸರಿನ ಕಡೆ. ಪೆಟ್ರೋಲ್ ಕಾರಿನ ತ್ರೀ ವೇ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾಂಶ ಕಳೆಯುವ ಡಬ್ಬಿ) ಸರಿಯಾಗಿ ಕೆಲಸ ಮಾಡುವುದು ಆ 14.7ರ ಆಸುಪಾಸಿನಲ್ಲಿ ಮಾತ್ರ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾಗಿ ಉಳಿದರೆ ಅದು ನೈಟ್ರೋಜನ್ ಆಕ್ಸೈಡನ್ನು ಒಡೆಯಲಾರದು. ತೆಳು ಮಿಶ್ರಣದಲ್ಲಿ ಆ ಆಕ್ಸೈಡ್ ಕಡಿಮೆ ಹುಟ್ಟುತ್ತದೆ ಎಂದೆ, ನಿಜ. ಆದರೆ ತುಂಬಾ ತೆಳುವಾಗಿ ಓಡಿಸದಿದ್ದರೆ ಉಳಿದಷ್ಟೂ ಇವತ್ತಿನ ಹೊಗೆ ನಿಯಮಗಳಿಗೆ ಜಾಸ್ತಿಯೇ. ಅದಕ್ಕೆ ಡೀಸೆಲ್ ಗಾಡಿಗಳಲ್ಲಿರುವಂತೆ ಇನ್ನೊಂದು ದುಬಾರಿ ವ್ಯವಸ್ಥೆ ಬೇಕು. ಅಂದರೆ ಕಾರಿನಲ್ಲಿ ಲೇಸರ್‌ನ ಲಾಭ ಪಡೆಯಲು ಲೇಸರ್ ಒಂದೇ ಸಾಲದು, ಇಡೀ ಎಂಜಿನ್ನನ್ನೂ ಹೊಗೆ ಶುದ್ಧಿಯನ್ನೂ ಹೊಸದಾಗಿ ಕಟ್ಟಬೇಕು. ಆ ದುಡ್ಡು ಈಗ ವಿದ್ಯುತ್ ವಾಹನಗಳ ಕಡೆ ಹರಿಯುತ್ತಿದೆ.

ಅದೂ ಅಲ್ಲದೆ ಅದೇ ಸಮಸ್ಯೆಗೆ ಅಗ್ಗದ ಉತ್ತರ ಒಂದು ಸಿಕ್ಕಿಬಿಟ್ಟಿದೆ. ಅದರ ಹೆಸರು ಪ್ರೀ ಚೇಂಬರ್. ಪ್ಲಗ್ ಸುತ್ತ ಒಂದು ಪುಟ್ಟ ಕೋಣೆ, ಅದಕ್ಕೆ ಕೆಲವು ಸಣ್ಣ ತೂತು. ಮೊದಲು ಆ ಕೋಣೆಯಲ್ಲಿ ಹೊತ್ತಿಸಿದರೆ, ತೂತುಗಳಿಂದ ಉರಿಯ ಜೆಟ್‌ಗಳು ನುಗ್ಗಿ ದೊಡ್ಡ ಕೋಣೆಯಲ್ಲಿ ಹತ್ತಾರು ಕಡೆ ಒಟ್ಟಿಗೆ ಬೆಂಕಿ ಹಚ್ಚುತ್ತವೆ. ಫಾರ್ಮುಲಾ ಒನ್ ಎಂಜಿನ್‌ಗಳಲ್ಲಿ ಈ ತತ್ವ ಬಳಕೆಯಲ್ಲಿದೆ. 2020ರಲ್ಲಿ ಬಂದ ಮಾಸೆರಾಟಿಯ ನೆಟ್ಟುನೊ ಎಂಜಿನ್ ಅದನ್ನು ರಸ್ತೆಯ ಕಾರಿಗೂ ತಂದಿತು. ಲೇಸರ್ ಪ್ರಿಯನಾದ ನಾನೂ ಒಪ್ಪಲೇಬೇಕು, ಕಾರುಗಳ ಮಟ್ಟಿಗೆ ಸದ್ಯಕ್ಕೆ ಈ ದಾರಿಯೇ ಮುಂದಿದೆ.

ಲೇಸರ್ ನಿಜಕ್ಕೂ ಹೊಂದುವ ಜಾಗಗಳು ಬೇರೆ ಇವೆ. ನೈಸರ್ಗಿಕ ಅನಿಲದಿಂದ ಓಡಿ ವಿದ್ಯುತ್ ಉತ್ಪಾದಿಸುವ ದೊಡ್ಡ ಸ್ಥಿರ ಎಂಜಿನ್‌ಗಳು ಹಗಲು ರಾತ್ರಿ, ಹೆಚ್ಚು ಒತ್ತಡದಲ್ಲಿ, ತೆಳು ಮಿಶ್ರಣದಲ್ಲೇ ಓಡುತ್ತವೆ. ಅಲ್ಲಿ ಸ್ಪಾರ್ಕ್ ಪ್ಲಗ್ ಕೆಲವೇ ಸಾವಿರ ಗಂಟೆಗಳಲ್ಲಿ ಸವೆಯುತ್ತದೆ, ಬದಲಿಸಲು ಎಂಜಿನ್ ನಿಲ್ಲಿಸಬೇಕು. ಒಂದು ಜಾಗದಲ್ಲಿ ನಿಂತಿರುವ ಯಂತ್ರಕ್ಕೆ ತಂಪಾಗಿಸುವ ಪೆಟ್ಟಿಗೆ ಪಕ್ಕದಲ್ಲಿಟ್ಟರೂ ಯಾರಿಗೂ ತೊಂದರೆಯಿಲ್ಲ. ಇನ್ನೊಂದು ಜಾಗ ರಾಕೆಟ್. ಅಲ್ಲಿ ಕೋಟಿಗಟ್ಟಲೆ ಕಿಡಿ ಬೇಡ, ಕೆಲವೇ ಸಲ ನಂಬಿಕಸ್ಥವಾಗಿ ಹೊತ್ತಿದರೆ ಸಾಕು. ಸ್ಪೇಸ್‌ಎಕ್ಸ್‌ನ ಮರ್ಲಿನ್ ಎಂಜಿನ್ ಹೊತ್ತುವಾಗ ಒಂದು ಕ್ಷಣ ಹಸಿರು ಬೆಳಕು ಕಾಣುತ್ತದಲ್ಲ, ಅದು ಗಾಳಿ ತಾಗಿದರೆ ತಾನೇ ಉರಿಯುವ ಅಪಾಯಕಾರಿ ದ್ರವದ ಬೆಳಕು. ಆ ದ್ರವ ಮುಗಿದರೆ ಎಂಜಿನ್ನನ್ನು ಮತ್ತೆ ಹೊತ್ತಿಸಲು ಆಗುವುದಿಲ್ಲ. ಲೇಸರ್ ಇದ್ದರೆ ಅಂಥ ದ್ರವವನ್ನು ಹೊತ್ತೊಯ್ಯುವುದೇ ಬೇಡ. ಜರ್ಮನಿಯ ಲಾಂಪೋಲ್ಡ್ಸ್‌ಹೌಸನ್‌ನಲ್ಲಿರುವ ಡಿಎಲ್ಆರ್ ಎಂಬ ಆ ದೇಶದ ಬಾಹ್ಯಾಕಾಶ ಸಂಸ್ಥೆಯ ಕೇಂದ್ರದಲ್ಲಿ ಇಂಥ ಪ್ರಯೋಗಗಳು ನಡೆದಿವೆ. ಡೀಸೆಲ್ ಎಂಜಿನ್ನಿಗೆ ಮಾತ್ರ ಇದರ ಅಗತ್ಯವೇ ಇಲ್ಲ, ಅಲ್ಲಿ ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ.

ಈಗ ಮಗಳ ವಿಷಯ. 5 ವಾಟಿನ ನೀಲಿ ಲೇಸರ್ ನಿರಂತರವಾಗಿ ಉರಿಯುವಂಥದ್ದು, ಮಿಡಿತದ್ದಲ್ಲ. ಎಷ್ಟೇ ಸಣ್ಣ ಬಿಂದುವಿಗೆ ಹಿಡಿದರೂ ಅದರ ತೀವ್ರತೆ ಪ್ಲಾಸ್ಮಾ ಹುಟ್ಟಿಸಲು ಬೇಕಾದ್ದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ. ಹಾಗಾಗಿ ಅವಳು ನೋಡಬೇಕೆಂದಿರುವ ಕಿಡಿ ಬರುವುದೇ ಇಲ್ಲ. ಆದರೆ ಬೆಂಕಿ ಬರಬಹುದು, ಅದೇ ಭಯ. ಕಿರಣ ಡಬ್ಬಿಯ ಅಂಚಿನ ಕಪ್ಪು ಟೇಪಿಗೋ, ಧೂಳಿನ ಕಣಕ್ಕೋ, ರಬ್ಬರಿಗೋ ಬಿದ್ದರೆ ಅದು ಕ್ಷಣದಲ್ಲಿ ಕೆಂಡವಾಗುತ್ತದೆ, ಆ ಕೆಂಡದಿಂದ ಆವಿ ಹೊತ್ತುತ್ತದೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಅದು ಶೇ 1.4 ಇದ್ದರೆ ಸಾಕು, ಉರಿಯುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಕಾಣದಂತೆ ಹರಿದು ದೂರ ಹೋಗಿರುತ್ತದೆ. ಮುಚ್ಚಿದ ಗಾಜಿನ ಡಬ್ಬಿಯೊಳಗೆ ಹೊತ್ತಿದರೆ ಒಡೆದ ಗಾಜು ಸುತ್ತ ನಿಂತವರ ಮುಖಕ್ಕೆ ಹಾರುತ್ತದೆ. ಇನ್ನು ಕಣ್ಣು. 5 ವಾಟ್ ಕಿರಣ ಲೋಹದ ಮೇಲೆ ಬಿದ್ದು ಪುಟಿದು ಬಂದರೂ ಕಣ್ಣಿಗೆ ಸಾಕು. ಯಂತ್ರದ ಜೊತೆ ಬರುವ ಬಣ್ಣದ ಕನ್ನಡಕ ಯಾವ ತರಂಗಕ್ಕೆ, ಎಷ್ಟರ ಮಟ್ಟಿಗೆ ತಡೆ ಎಂದು ಬರೆದಿಲ್ಲದಿದ್ದರೆ ಅದನ್ನು ನಂಬಬೇಡಿ.

ಅವಳಿಗೆ ನನ್ನ ಸಲಹೆ ಇದು. ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲೋ ಹತ್ತಿರದ ಸಂಶೋಧನಾ ಸಂಸ್ಥೆಯಲ್ಲೋ ಕ್ಯೂ ಸ್ವಿಚ್ (ಶಕ್ತಿ ಕೂಡಿಟ್ಟು ಒಂದೇ ಮಿಡಿತವಾಗಿ ಬಿಡುವ ವ್ಯವಸ್ಥೆ) ಇರುವ ಯಾಗ್ ಲೇಸರ್ ಇದೆಯೇ ಎಂದು ಕೇಳಲಿ. ಎಷ್ಟೋ ಕಡೆ ಇರುತ್ತದೆ. ಅಲ್ಲಿನವರ ಕೈಕೆಳಗೆ, ಇಂಧನವೇ ಇಲ್ಲದೆ, ಬರೀ ಗಾಳಿಯಲ್ಲಿ ಕಿಡಿ ಹುಟ್ಟಿಸಿ ಅಳೆಯಲಿ. ಒತ್ತಡ ಬದಲಿಸಿದಂತೆ ಕಿಡಿಗೆ ಬೇಕಾದ ಶಕ್ತಿ ಹೇಗೆ ಇಳಿಯುತ್ತದೆ ಎಂದು ಒಂದು ಗ್ರಾಫ್ ಬಿಡಿಸಿದರೂ ಒಳ್ಳೆಯ ಪ್ರಾಜೆಕ್ಟ್. ಈ ಇಡೀ ವಿಷಯದ ತಿರುಳೇ ಆ ಗ್ರಾಫ್. ಲೇಸರ್ ಸಿಗದಿದ್ದರೆ, ತೆಳು ಮಿಶ್ರಣದಲ್ಲಿ ಕಿಡಿಯ ಜಾಗ ಬದಲಾದರೆ ಉರಿಯುವ ವೇಗ ಹೇಗೆ ಬದಲಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಮಾದರಿ ಮಾಡಬಹುದು.

ಉಳಿದದ್ದು ನಿಮ್ಮ ಕಾರಿನ ಜರ್ಕ್. ಎರಡು ಸಲ ಹೊಸ ಪ್ಲಗ್ ಹಾಕಿಯೂ ಮಿಸ್‌ಫೈರ್ ಹೋಗಿಲ್ಲ ಎಂದರೆ ದೋಷ ಬಹುಶಃ ಪ್ಲಗ್‌ನದ್ದಲ್ಲ. ಮೂರನೇ ಸಲ, ಅದೂ ದುಬಾರಿ ಪ್ಲಗ್ ಹಾಕಿದರೂ ಹೋಗುವ ಸಾಧ್ಯತೆ ಕಡಿಮೆ. ಏರು ಹತ್ತುವಾಗ ಬರುತ್ತದೆ ಎಂದಿರಿ. ಭಾರ ಬಿದ್ದಾಗ ಸಿಲಿಂಡರಿನ ಒತ್ತಡ ಏರುತ್ತದೆ, ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸೋತಿರುವ ಕಾಯಿಲ್ ಆಗಲೇ ಕೈಕೊಡುವುದು. ಪ್ರತಿ ಪ್ಲಗ್‌ಗೂ ಒಂದೊಂದು ಕಾಯಿಲ್ ಇರುವ ಎಂಜಿನ್ ಆದರೆ ಪರೀಕ್ಷೆ ತುಂಬಾ ಸುಲಭ. ಸ್ಕ್ಯಾನರ್ ಹಾಕಿ ಕೋಡ್ ನೋಡಿಸಿ. ಪಿ0301 ಬಂದರೆ ಮೊದಲ ಸಿಲಿಂಡರಿನ ಮಿಸ್‌ಫೈರ್. ಮೊದಲನೆಯ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ, ಮೂರನೆಯದನ್ನು ಮೊದಲನೆಯದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಹೋಗಿದೆ. ಮೊದಲನೆಯದರಲ್ಲೇ ಉಳಿದರೆ ಇಂಜೆಕ್ಟರ್, ಕಂಪ್ರೆಷನ್, ಇನ್‌ಟೇಕ್ ಕಡೆ ಗಾಳಿ ಸೋರಿಕೆ, ಇವನ್ನು ನೋಡಬೇಕು. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದೆಯೇ ಎಂದೂ ಒಮ್ಮೆ ಟಾರ್ಚ್ ಹಾಕಿ ನೋಡಿಸಿ.

ಬಿಚ್ಚಿದ ಹಳೇ ಪ್ಲಗ್‌ಗಳನ್ನು ಎಸೆಯಬೇಡಿ, ಅವು ತುಂಬಾ ಹೇಳುತ್ತವೆ. ತುದಿ ತಿಳಿ ಕಂದು ಬಣ್ಣ ಇದ್ದರೆ ಸರಿಯಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಒದ್ದೆಯಾಗಿ ಜಿಡ್ಡಾಗಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ಅತಿ ಬಿಸಿ.

ದೋಷ ಸಿಕ್ಕಿ ಸರಿಯಾದ ಮೇಲೆ ಇರಿಡಿಯಂ ಪ್ಲಗ್ ಹಾಕಿಸಬೇಕೆಂದಿದ್ದರೆ ಹಾಕಿಸಿ, ತಪ್ಪಿಲ್ಲ. ಇರಿಡಿಯಂ ಕರಗಲು 2,400 ಡಿಗ್ರಿಗೂ ಹೆಚ್ಚಿನ ಶಾಖ ಬೇಕು, ಹಾಗಾಗಿ ಸವೆಯುವುದು ನಿಧಾನ. ಆದರೆ ನಿಮ್ಮ ಕಾರಿನ ಕೈಪಿಡಿಯಲ್ಲಿ ಬರೆದ ಹೀಟ್ ರೇಂಜ್‌ನದ್ದೇ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂಬ ಅಳತೆ) ಆಗಿರಲಿ. ಆ ಸೂಕ್ಷ್ಮ ತುದಿಯ ಗ್ಯಾಪನ್ನು ಗೇಜ್ ತುರುಕಿ ಸರಿಪಡಿಸಲು ಹೋಗಬೇಡಿ, ಮುರಿಯುತ್ತದೆ. ಅಲ್ಲಿಯವರೆಗೆ ಚೆಕ್ ಎಂಜಿನ್ ದೀಪ ಮಿನುಗಿದಾಗ ಆಕ್ಸಿಲರೇಟರ್ ಸಡಿಲಿಸಿ, ಎಳೆದಾಡಿ ಓಡಿಸಬೇಡಿ. ಮಿನುಗುವುದು ಎಂದರೆ ಉರಿಯದ ಪೆಟ್ರೋಲ್ ನೇರ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಕನ್ವರ್ಟರ್ ಒಳಗೆ ಕರಗಿದರೆ ಅದರ ಖರ್ಚಿನ ಮುಂದೆ ಒಂದು ಕಾಯಿಲ್‌ನ ಖರ್ಚು ಏನೂ ಅಲ್ಲ. ಈ ವಾರವೇ ಕಾಯಿಲ್ ಅದಲುಬದಲು ಮಾಡಿಸಿ ನೋಡಿ.